ಕ್ರೌನಿನ ಮೇಲಿನ ಕೊಡ

ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಲಾರಿಗಳು ನಿಲ್ಲುವ ಬಯಲಿನ ಎದುರಿಗೆ ನನ್ನ ಪಂಕ್ಚರ್ ಅಂಗಡಿ ಇತ್ತು. ಅಲ್ಲಿ ಕುಳಿತು ನಾನು ನೋಡಿದ ಜಗಳಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಸಂಜೆಗೆ ಹುಟ್ಟಿ ಬೆಳಗಾಗುವುದರೊಳಗೆ ಸತ್ತವು. ಮುಗದದ ಉಡಚಪ್ಪನ ಹಗೆ ಮಾತ್ರ ಸಾಯಲಿಲ್ಲ, ಯಾಕೆಂದರೆ ಅದನ್ನು ಅವನು ತನ್ನ ಲಾರಿಯ ಮೂತಿಗೆ ಬೋಲ್ಟು ಹಾಕಿ ಬಿಗಿದಿದ್ದ. ಐದು ವರ್ಷ ಅದನ್ನು ಹುಬ್ಬಳ್ಳಿಯಿಂದ ಅಂಕೋಲೆಯವರೆಗೆ ಊರೂರು ಮೆರೆಸಿದ.

ಉಡಚಪ್ಪ ತನ್ನ ಪಾಲಿನ ಗದ್ದೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಬೆಳಗಾವಿಯಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಹಳೆಯ ಲಾರಿಯೊಂದನ್ನು ತಂದಿದ್ದ. ಭತ್ತ ಬೆಳೆಯುವುದು ಬಿಟ್ಟು ಹೊಗೆ ಬೆಳೆಯಲು ಹೋದ ಎಂದು ಮುಗದದ ಜನ ನಕ್ಕರು. ನಕ್ಕರೆ ನಗಲಿ ಎಂದು ಅವನು ಹುಬ್ಬಳ್ಳಿಯಲ್ಲಿ ಒಂದು ಖೋಲಿ ಹಿಡಿದ. ಇಲ್ಲಿಂದ ಜೋಳದ ಚೀಲ ಹೇರಿಕೊಂಡು ಅರಬೈಲ್ ಘಟ್ಟ ಇಳಿಯುವುದು, ಅಲ್ಲಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತುವುದು, ಇದು ಅವನ ದುಡಿಮೆ. ಅವನೇ ಮಾಲಕ, ಅವನೇ ಡ್ರೈವರ್. ಕ್ಲೀನರ್ ಯಾರು ಅಂತೀರಿ? ಅವನ ಹೆಂಡತಿ ಹುಲಿಗೆವ್ವ. ಇಟ್ಟುಕೊಂಡ ಕ್ಲೀನರ್ ಓಡಿಹೋದ ದಿನ ಅವಳು ಸೀರೆಯ ಕಚ್ಚೆ ಬಿಗಿದು ಲಾರಿ ಹತ್ತಿದವಳು ಮತ್ತೆ ಇಳಿಯಲಿಲ್ಲ. ಮಕ್ಕಳಿರಲಿಲ್ಲ, ಖೋಲಿಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂಡುವುದಕ್ಕಿಂತ ಇದು ಛಲೋ ಎಂದಳು. ಏರಿನಲ್ಲಿ ಲಾರಿ ನಿಂತರೆ ಜಿಗಿದಿಳಿದು ಗಾಲಿಗೆ ಕಲ್ಲು ಇಡುವುದು ಅವಳ ಕೆಲಸ. ಮೊದಮೊದಲು ಬಯಲಿನ ಗಂಡಸರು ಬಾಯಿ ಬಿಟ್ಟು ನೋಡಿದರು, ಆಮೇಲೆ ರೂಢಿಯಾಯಿತು.

ಹತ್ತು ಲಾರಿಯ ಸಾವುಕಾರನಿಗೆ ಒಂದು ಕೆಟ್ಟರೆ ಉಳಿದವು ಓಡುತ್ತವೆ. ಒಂದೇ ಲಾರಿಯವನದು ಕೆಟ್ಟರೆ ಮನೆಯ ಒಲೆಯೂ ಕೆಡುತ್ತದೆ. ಹಾಗಾಗಿ ಅಂಥವರು ದೇವರಿಗಿಂತ ಮೊದಲು ಮಿಸ್ತ್ರಿಗೆ ಕೈಮುಗಿಯುತ್ತಾರೆ. ಉಡಚಪ್ಪನ ಮಿಸ್ತ್ರಿ ಗಂಗಪ್ಪ. ನನ್ನ ಅಂಗಡಿಯ ಎದುರಿಗೇ ತಗಡಿನ ಗ್ಯಾರೇಜು. ಕೈ ಒಳ್ಳೆಯದು, ಮಾತು ಅದಕ್ಕಿಂತ ಒಳ್ಳೆಯದು. ಹುಲಿಗೆವ್ವನನ್ನು "ತಂಗೀ" ಎನ್ನುತ್ತಿದ್ದ. ಅವಳು ಬಡಿಯುವ ರೊಟ್ಟಿ ಎಷ್ಟು ತೆಳ್ಳಗೆಂದರೆ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ವಾರಕ್ಕೊಮ್ಮೆಯಾದರೂ ಗಂಗಪ್ಪ ಅವರ ಖೋಲಿಗೆ ಹೋಗಿ ಆ ರೊಟ್ಟಿ ತಿಂದು ಬರುತ್ತಿದ್ದ. "ಅಣ್ಣಾ, ಇನ್ನೊಂದು ಹಾಕ್ಲೇನು?" ಎಂದು ಅವಳು ಕೇಳದ ದಿನವಿಲ್ಲ.

ಇಸವಿ ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಲಾರಿಯ ಕ್ರೌನ್ ಸವೆಯಿತು. ಹಿಂದಿನ ಗಾಲಿಗಳನ್ನು ತಿರುಗಿಸುವ, ಸುತ್ತಲೂ ಹಲ್ಲಿರುವ ದೊಡ್ಡ ಕಬ್ಬಿಣದ ಬಳೆ ಅದು. ಅದು ಹೋದರೆ ಎಂಜಿನ್ ಎಷ್ಟು ಕೂಗಿದರೂ ಲಾರಿ ಅಲುಗುವುದಿಲ್ಲ. ಉಡಚಪ್ಪ ಮುಂಬೈಯಿಂದ ಹೊಸದನ್ನು ತರಿಸಿ ಗಂಗಪ್ಪನ ಕೈಗೆ ಕೊಟ್ಟ, ಅವನೇ ಕೂಡಿಸಿದ. ಮುಂದೆ ಸ್ವಲ್ಪ ದಿನಕ್ಕೆ ಹಿಂದಿನಿಂದ ಎಣ್ಣೆ ಸೋರುತ್ತದೆ ಎಂದು ಲಾರಿಯನ್ನು ಮತ್ತೆ ಗ್ಯಾರೇಜಿನಲ್ಲಿ ಬಿಟ್ಟ. ಮುಗದದಲ್ಲಿ ಅವ್ವನ ತಿಥಿ ಇತ್ತು; ಗಂಡ ಹೆಂಡತಿ ಇಬ್ಬರೂ ಊರಿಗೆ ಹೋದರು. ಅಣ್ಣ ಎನ್ನಿಸಿಕೊಂಡವನ ಗ್ಯಾರೇಜು, ಕಾಯುವವರು ಯಾಕೆ ಬೇಕು? ತಿರುಗಿ ಬಂದಾಗ ಲಾರಿ ತಯಾರಾಗಿತ್ತು, ಎಣ್ಣೆ ಸೋರುವುದು ನಿಂತಿತ್ತು.

ಮಳೆ ಹಿಡಿದ ಒಂದು ಮಧ್ಯಾಹ್ನ ಉಪ್ಪಿನ ಚೀಲ ಹೇರಿಕೊಂಡು ಅರಬೈಲ್ ಘಟ್ಟ ಹತ್ತುವಾಗ ಹಿಂದೆ ಟಣ್ ಎಂದು ಸಪ್ಪಳಾಯಿತು. ಎಂಜಿನ್ ಕೂಗಿತು, ಲಾರಿ ಹಿಂದಕ್ಕೆ ಜಾರಿತು. ಉಡಚಪ್ಪ ಎರಡೂ ಕಾಲಿನಿಂದ ಬ್ರೇಕು ಒತ್ತಿ ಹಿಡಿದ. ತೊಯ್ದ ಉಪ್ಪಿನ ಭಾರಕ್ಕೆ ಹಳೆಯ ಬ್ರೇಕು ಇಷ್ಟಿಷ್ಟೇ ಸೋಲುತ್ತಿತ್ತು, ಹಿಂದೆ ಕಂದಕ. ಹುಲಿಗೆವ್ವ ಜಿಗಿದು ಕಲ್ಲು ಇಟ್ಟಳು. ಕೆಸರಿನಲ್ಲಿ ಕಲ್ಲು ಜಾರಿತು. ಅವಳು ಬಗ್ಗಿ ಕೈಯಿಂದ ಅದನ್ನು ಗಾಲಿಯ ಕೆಳಗೆ ದೂಡಿದಳು. ಕಲ್ಲು ನಿಂತಿತು, ಲಾರಿ ನಿಂತಿತು, ಅವಳ ಬಲಗೈ ಎರಡರ ನಡುವೆ ಉಳಿಯಿತು.

ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು. ಹೆಬ್ಬೆರಳೊಂದು ಉಳಿಯಿತು.

ಲಾರಿಯನ್ನು ಎಳೆದು ಯಲ್ಲಾಪುರಕ್ಕೆ ತಂದು ಅಲ್ಲಿಯ ಮಿಸ್ತ್ರಿ ಉಡಚಪ್ಪನ ಎದುರಿಗೇ ಬಿಚ್ಚಿದ. ಒಳಗಿದ್ದ ಕ್ರೌನು ಹೊಸದಲ್ಲ. ಯಾವ ಕಾಲದ್ದೋ, ಮುರಿದ ಹಲ್ಲುಗಳಿಗೆ ವೆಲ್ಡಿಂಗ್ ಹಚ್ಚಿ ಉಜ್ಜಿ ನುಣುಪು ಮಾಡಿದ್ದು. ಆ ವೆಲ್ಡಿಂಗೇ ಕಿತ್ತುಹೋಗಿತ್ತು. ಕಣ್ಣಿದ್ದವರಿಗೆಲ್ಲ ಕಾಣುವ ಮೋಸ. ಉಡಚಪ್ಪ ಆ ಕ್ರೌನನ್ನು ಹೆಗಲ ಮೇಲೆ ಹೊತ್ತುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದ.

ಅವನು ಗ್ಯಾರೇಜಿಗೆ ಬಂದಾಗ ಬಯಲಿಗೆ ಬಯಲೇ ಕೂಡಿತ್ತು. ಇವತ್ತು ಹೆಣ ಬೀಳುತ್ತದೆ ಎಂದು ನಾನು ಅಂಗಡಿಯ ಬಾಗಿಲು ಎಳೆದು ಹೋದೆ. ಉಡಚಪ್ಪ ಕ್ರೌನನ್ನು ಗಂಗಪ್ಪನ ಕಾಲ ಬುಡಕ್ಕೆ ಇಟ್ಟ.

"ಇದು ನಾ ಕೊಟ್ಟ ಕ್ರೌನ್ ಹೌದೇನು?"

"ನಿನ್ನ ಗಾಡ್ಯಾಗಿಂದ ಬಂದೈತಿ ಅಂದ್ರ ನಿಂದ."

"ನಾ ಕೊಟ್ಟಿದ್ದು ಹೊಸಾದು. ಇದಕ್ಕ ವೆಲ್ಡಿಂಗ್ ಹಚ್ಚೈತಿ. ನೋಡು."

"ದಾರ್ಯಾಗ ಯಾರ ಬಿಚ್ಚಿದ್ರೋ ಯಾರ ಬದಲ ಮಾಡಿದ್ರೋ. ಯಲ್ಲಾಪುರದಾಂವನ್ನ ಹೋಗಿ ಕೇಳು."

"ನಿನ್ನ ತಂಗಿ ಕೈ ಹೋತು, ಗಂಗಪ್ಪ. ಒಂದ ಮಾತು ಖರೇ ಹೇಳು, ನಾ ಹೊಳ್ಳಿ ಹೋಗ್ತೇನಿ."

ಗಂಗಪ್ಪ ಸುತ್ತಲೂ ನಿಂತ ಗಿರಾಕಿಗಳ ಮುಖ ನೋಡಿದ. ಆಮೇಲೆ ಬಗ್ಗಿ ನಟ್ಟು ಬಿಚ್ಚುವ ಒಂದು ಪಾನಾ ಎತ್ತಿ ಕಣ್ಣಿಗೆ ಒತ್ತಿಕೊಂಡ. ಮಿಸ್ತ್ರಿಗಳಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಅನ್ನ ಕೊಡುವ ಕಬ್ಬಿಣ ಅದು. "ಈ ಪಾನಾ ಮುಟ್ಟಿ ಹೇಳ್ತೇನಿ. ನಾ ಬದಲ ಮಾಡಿಲ್ಲ" ಎಂದ.

ಪಾನಾ ಮುಟ್ಟಿದ ಮೇಲೆ ಯಾರು ಏನು ಹೇಳಬೇಕು? ನನಗೆ ಮಾತ್ರ ಮೈ ಉರಿದುಹೋಯಿತು. ನಾನಾಗಿದ್ದರೆ ಅದೇ ಪಾನಾದಿಂದ ಅವನ ಹಲ್ಲು ಉದುರಿಸಿ, ವೆಲ್ಡಿಂಗ್ ಹಚ್ಚಿಕೋ ಹೋಗು ಎನ್ನುತ್ತಿದ್ದೆ. ಉಡಚಪ್ಪ ಹಾಗೆ ಮಾಡಲಿಲ್ಲ.

"ಉಪ್ಪು ತಿಂದಾಂವ ನೀರು ಕುಡೀಲೇಬೇಕು, ಮಿಸ್ತ್ರಿ" ಎಂದು ಕ್ರೌನನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದ.

ಲಾರಿ ದುರಸ್ತಿಯಾಗಿ ಬಂದ ದಿನ ಅವನು ಅದರ ಮುಂದಿನ ಬಂಪರಿಗೆ ತಾನೇ ತೂತು ಕೊರೆದ. ಎರಡು ಬೋಲ್ಟು ಹಾಕಿ, ಮುರಿದ ಹಲ್ಲು ಮೇಲೆ ಬರುವಂತೆ ಆ ಕ್ರೌನನ್ನು ಬಿಗಿದ. ಬಯಲಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ, "ಇದನ್ನ ನಾ ತಗ್ಯಾಂಗಿಲ್ಲ. ಬದಲ ಮಾಡಿದಾಂವನ ಬಂದು, ಬದಲ ಮಾಡೇನಿ ಅಂತ ಬಾಯ್ಲೆ ಹೇಳಿ, ತನ್ನ ಕೈಲೆ ಬಿಚ್ಚಬೇಕು." ಆಮೇಲೆ ಲಾರಿಯನ್ನು ತಂದು ಗಂಗಪ್ಪನ ಗ್ಯಾರೇಜಿಗೆ ಮೂತಿ ಮಾಡಿ ನಿಲ್ಲಿಸಿದ. ಅಂದಿನಿಂದ ಹುಬ್ಬಳ್ಳಿಯಲ್ಲಿದ್ದಾಗೆಲ್ಲ ಅದರ ಜಾಗ ಅದೇ.

ಮೂತಿಗೆ ಲಿಂಬೆಹಣ್ಣು ಕಟ್ಟುವುದು ಗೊತ್ತು, ಹಳೆಯ ಚಪ್ಪಲಿ ಕಟ್ಟುವುದೂ ಗೊತ್ತು. ಕ್ರೌನು ಕಟ್ಟಿದ್ದನ್ನು ಯಾರು ಕಂಡಿದ್ದರು? ಕಲಘಟಗಿಯ ಚಹಾದ ಅಂಗಡಿಯಲ್ಲಿ, ಯಲ್ಲಾಪುರದ ನಾಕಾದಲ್ಲಿ, ಅಂಕೋಲೆಯ ಬಂದರದ ಹತ್ತಿರ ಜನ ಕೇಳೇ ಕೇಳುತ್ತಿದ್ದರು, "ಏನ್ರಿ ಅದು?" ಉಡಚಪ್ಪ ಬೀಡಿ ಹಚ್ಚಿ ನಿಧಾನಕ್ಕೆ ಹೇಳುತ್ತಿದ್ದ, "ಅದು ಹುಬ್ಬಳ್ಳಿ ಗಂಗಪ್ಪ ಮಿಸ್ತ್ರಿ ಮಾಡಿದ ರಿಪೇರಿ." ಅಷ್ಟು ಹೇಳಿದರೆ ಸಾಕು, ಕೇಳಿದವರು ಚಹಾ ಹೇಳಿ ಕಥೆಗೆ ಕೂಡುತ್ತಿದ್ದರು. ನಾನೂ ಅನೇಕ ಸಲ ಕೇಳಿದ್ದೇನೆ. ಮೊದಲು ಲಾರಿ ಹಾಳಾದದ್ದು, ಆಮೇಲೆ ಉಪ್ಪು ಮಳೆಗೆ ಕರಗಿ ಹೋದದ್ದು, ಆಮೇಲೆ ವ್ಯಾಪಾರಿ ತನ್ನ ಬಾಡಿಗೆ ಬೇರೆಯವರಿಗೆ ಕೊಟ್ಟದ್ದು, ಕಡೆಗೆ, "ಮತ್ತ ಇಕೀ ಬೆರಳೂ ಹೋದ್ವು." ಆಗ ಹುಲಿಗೆವ್ವ ಲಾರಿಯ ಒಳಗೆ ಕುಳಿತು ರಸ್ತೆ ನೋಡುತ್ತಿರುತ್ತಿದ್ದಳು. ಕಥೆಯ ಆ ಸಾಲು ಕಡೆಗೆ ಬರುವುದನ್ನು ನಾನು ಆಗ ಗಮನಿಸಿರಲಿಲ್ಲ, ಉಡಚಪ್ಪನೂ ಗಮನಿಸಿರಲಿಲ್ಲ.

ಅವನು ಇನ್ನೊಂದು ಕೆಲಸ ಮಾಡಿದ. ತನ್ನ ಲಾರಿಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಬೆಳಗಾವಿ, ಯಲ್ಲಾಪುರ ಎಲ್ಲೆಲ್ಲೋ ಮಿಸ್ತ್ರಿಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಕಲಿತ. ಎರಡು ಸಲ ಎಂಜಿನ್ ಕೆಡಿಸಿದ, ಮೂರನೆಯದಕ್ಕೆ ಕೈ ಕುದುರಿತು. ಒಂದೇ ಲಾರಿಯ ಮಾಲಕರಿಗೆಲ್ಲ ಒಂದೇ ಉಪದೇಶ, "ಬಿಚ್ಚೂ ಮುಂದ ಗೋಣಿಚೀಲ ಹಾಸಿಕೊಂಡು ಎದುರಿಗೆ ಕೂಡ್ರಿ. ಉಚ್ಚಿಗೂ ಏಳಬ್ಯಾಡ್ರಿ." ಅದು ಬಯಲಿನ ಪದ್ಧತಿಯೇ ಆಗಿಹೋಯಿತು. ಗಂಗಪ್ಪ ಒಂದು ನಟ್ಟು ಸಡಿಲಿಸಿದರೆ ಎದುರಿಗೆ ಒಬ್ಬ ಗೋಣಿಯ ಮೇಲೆ ಕುಳಿತು ಅವನ ಕೈ ನೋಡುತ್ತಿದ್ದ. ಹಾಗೆ ನೋಡಿಸಿಕೊಂಡು ಯಾವ ಮಿಸ್ತ್ರಿ ಕೆಲಸ ಮಾಡುತ್ತಾನೆ? ಅವನ ಕೈ ತಪ್ಪತೊಡಗಿತು. ಗಿರಾಕಿಗಳು ಒಬ್ಬೊಬ್ಬರೇ ಕಳಚಿದರು. ಕಡೆಗೆ ಅವನ ಎಲ್ಲಕ್ಕಿಂತ ದೊಡ್ಡ ಗಿರಾಕಿ, ಕೇಶ್ವಾಪುರದ ಲಾರಿ ಸಾವುಕಾರನೂ ತನ್ನ ಗಾಡಿಗಳನ್ನು ಬೇರೆ ಕಡೆ ಕಳಿಸಿದ. ಗಂಗಪ್ಪ ತಗಡು ಬಿಚ್ಚಿ ಮಾರಿ, ಇನ್ನೊಬ್ಬರ ಗ್ಯಾರೇಜಿನಲ್ಲಿ ಕೂಲಿಗೆ ನಿಂತ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಉಡಚಪ್ಪನಿಗೂ ಖುಷಿಯಾಯಿತು. ಕ್ರೌನು ಮಾತ್ರ ಅಲ್ಲೇ ಇತ್ತು, ಯಾಕೆಂದರೆ ಗಂಗಪ್ಪ ಇನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಖೋಲಿಯಲ್ಲಿ ಹುಲಿಗೆವ್ವ ಎಡಗೈಯಿಂದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳು. ಒಂದು ಕಡೆ ದಪ್ಪ, ಒಂದು ಕಡೆ ಹರಕು. ಪಕ್ಕದ ಮನೆಯ ಶೇವಂತೆವ್ವ ತಾನು ಬಡಿದುಕೊಡುತ್ತೇನೆಂದರೆ ಇವಳು ಬೇಡವೆಂದಳು. ಉಡಚಪ್ಪ ಮಾತಾಡದೆ ತಿಂದು ಏಳುತ್ತಿದ್ದ.

ಉಡಚಪ್ಪನಿಗೆ ಇಡೀ ವರ್ಷದಲ್ಲಿ ಹೆದರಿಕೆ ಇದ್ದದ್ದು ಒಂದೇ ದಿನ, ದಸರೆಯ ದಶಮಿ. ನಮ್ಮ ಕಡೆ ಅಂದು ಸಂಜೆ ಒಬ್ಬರಿಗೊಬ್ಬರು ಬನ್ನಿಯ ಎಲೆ ಕೊಡುತ್ತೇವೆ, ಅದೇ ಬಂಗಾರ. ಹಗೆಯವನೇ ಬಂದು ಬನ್ನಿ ಹಿಡಿದರೂ ಒಲ್ಲೆ ಎನ್ನುವಂತಿಲ್ಲ; ಕೈಯೊಡ್ಡಿ ತೆಗೆದುಕೊಂಡರೆ ಹಗೆ ಮುಗಿಯಿತು. ಓಣಿಯ ಹಿರಿಯ ಗುರುಸಿದ್ದಯ್ಯನವರು ಪ್ರತಿ ವರ್ಷ ಗಂಗಪ್ಪನನ್ನು ಕರೆದುಕೊಂಡು ಬನ್ನಿ ಕೊಡಿಸಲು ಬರುತ್ತಿದ್ದರು. ಗಂಗಪ್ಪನೂ ಬರುತ್ತಿದ್ದ. ಬಾರದೆ ಏನು? ಎರಡು ಎಲೆ ಕೊಟ್ಟು ನಾಲ್ಕು ಬೆರಳು ತೀರಿಸುವುದು ಸಸ್ತಾ ವ್ಯವಹಾರ. ಉಡಚಪ್ಪ ಅದನ್ನು ಬಲ್ಲವನು, ದಸರೆಗೆ ಮೊದಲೇ ಲಾರಿ ಹೊಡೆದುಕೊಂಡು ಹುಬ್ಬಳ್ಳಿ ಬಿಡುತ್ತಿದ್ದ.

ಅರವತ್ತನಾಲ್ಕರಲ್ಲಿ ಅದು ಸಾಗಲಿಲ್ಲ. ಬಾಡಿಗೆ ಸಿಗದೆ ಲಾರಿ ಹುಬ್ಬಳ್ಳಿಯಲ್ಲಿಯೇ ಉಳಿಯಿತು. ನವಮಿಯ ದಿನ ಹುಲಿಗೆವ್ವ ಎಲ್ಲರಂತೆ ಖಂಡೇಪೂಜೆ ಮಾಡಿದಳು. ಪಾನಾ, ಸುತ್ತಿಗೆ, ಜಾಕು ಎಲ್ಲ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿದಳು. ಪೂಜೆಗೆ ಕೂತ ಹತಿಯಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಎತ್ತುವಂತಿಲ್ಲ. ದಶಮಿ ಮಧ್ಯಾಹ್ನ ಉಡಚಪ್ಪನಿಗೆ ಬೆಳಗಾವಿಗೆ ಹತ್ತಿಯ ಅಂಡಿಗೆ ಒಯ್ಯುವ ಬಾಡಿಗೆ ಸಿಕ್ಕಿತು. ಹಾರಿ ಎದ್ದು ಹತಿಯಾರಕ್ಕೆ ಕೈ ಹಾಕಿದ. "ಖಂಡೆ ಎತ್ತಿದ್ರ ನಾ ಗಾಡಿ ಹತ್ತಾಂಗಿಲ್ಲ" ಎಂದಳು ಅವಳು. ಅವನು ಬೈದುಕೊಳ್ಳುತ್ತ ಹತಿಯಾರ ಬಿಟ್ಟೇ ಹೊರಟ. ಧಾರವಾಡದ ಅಕ್ಕನಿಗೆ ಬನ್ನಿ ಕೊಡಬೇಕೆಂದು ನಾನೂ ಅದೇ ಲಾರಿ ಹತ್ತಿದೆ.

ಸತ್ತೂರು ಹತ್ತಿರ ಬಂದಾಗ ಲಾರಿ ಕೆಮ್ಮಿ ನಿಂತಿತು. ಪೆಟ್ರೋಲು ಬರುವ ನಳಿಕೆಯ ನಟ್ಟು ಸಡಿಲಾಗಿತ್ತು. ಒಂದು ಪಾನಾ ಇದ್ದರೆ ಬೀಡಿ ಹಚ್ಚುವಷ್ಟರಲ್ಲಿ ಮುಗಿಯುವ ಕೆಲಸ. ಉಡಚಪ್ಪನ ಪಾನಾ ಪೂಜೆಯಲ್ಲಿ, ನನ್ನವೂ ಪೂಜೆಯಲ್ಲಿ. ಎರಡು ಲಾರಿ ಹಾದುಹೋದವು. ಬನ್ನಿಗೆ ಮೊದಲು ಅವರ ಹತ್ತಿರವೂ ಏನೂ ಇರಲಿಲ್ಲ. ಕಸಬುದಾರರಾಗಿ ಹುಟ್ಟಿ ಒಂದು ನಟ್ಟಿನ ಮುಂದೆ ಕೈಕಟ್ಟಿ ಕುಳಿತೆವು.

ಬಿಸಿಲು ಇಳಿಯುವ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಒಂದು ಸೈಕಲ್ಲು ಬಂತು. ಹ್ಯಾಂಡಲ್ಲಿಗೆ ಬನ್ನಿಯ ಎಲೆಯ ಚೀಲ. ಗಂಗಪ್ಪ, ಧಾರವಾಡದ ಬೀಗರ ಮನೆಗೆ ಹೊರಟಿದ್ದ. ನಿಂತ ಗಾಡಿ ಕಂಡರೆ ಮಿಸ್ತ್ರಿಯ ಕಾಲು ತಾನೇ ನಿಲ್ಲುತ್ತದೆ. ಯಾರ ಲಾರಿ ಎಂದು ನೋಡುವುದರೊಳಗೆ ಅವನು ಇಳಿದಾಗಿತ್ತು. ಮೂತಿಯ ಕ್ರೌನು ಕಂಡು ಬಿಳಿಚಿಕೊಂಡ. ಆಮೇಲೆ ಚೀಲಕ್ಕೆ ಕೈ ಹಾಕಿ, ಬೊಗಸೆ ತುಂಬ ಬನ್ನಿ ಹಿಡಿದು ಉಡಚಪ್ಪನ ಮುಂದೆ ನಿಂತ.

"ಬನ್ನಿ ತೊಗೊಂಡು ಬಂಗಾರದಂಗ ಇರೋಣು, ಉಡಚಪ್ಪ."

ಉಡಚಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ. ಓಡಲು ಲಾರಿ ಇರಲಿಲ್ಲ. ಅವನ ಮುಖ ನೋಡಲಾಗಲಿಲ್ಲ. ಐದು ವರ್ಷದ ಸಿಟ್ಟು ಎರಡು ಎಲೆಗೆ ಹೋಗುತ್ತದಲ್ಲ ಎಂದು ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದ.

ಆಗ ಹುಲಿಗೆವ್ವ ಲಾರಿಯಿಂದ ಇಳಿದು ಬಂದಳು. "ನನಗ ಕೊಡ್ರಿ ಮಿಸ್ತ್ರಿ" ಎಂದು ಬಲಗೈ ಒಡ್ಡಿದಳು. ಎಡಗೈ ಜೋಡಿಸಲಿಲ್ಲ. ಗಂಗಪ್ಪ ಎಲೆ ಹಾಕಿದ. ಹಿಡಿಯಲು ಬೆರಳಿಲ್ಲದೆ ಎಲೆಗಳು ಅಂಗೈಯಿಂದ ಜಾರಿ ಮಣ್ಣಿಗೆ ಬಿದ್ದವು. ಅವಳು ಕೈ ಹಿಂದೆ ತೆಗೆಯಲಿಲ್ಲ.

"ನಿಂದರವಲ್ವು. ಇನ್ನೊಮ್ಮೆ ಹಾಕ್ರಿ."

ಅವನು ಮತ್ತೆ ಹಾಕಿದ. ಮತ್ತೆ ಬಿದ್ದವು. ಮೂರನೆಯ ಸಲ ಅವನ ಕೈ ಮೇಲೇಳಲಿಲ್ಲ. ರಸ್ತೆಯ ಬದಿಗೆ ಕುಸಿದು ಕುಳಿತು ತಲೆ ತಗ್ಗಿಸಿದ.

"ನಾನ ಬದಲ ಮಾಡೇನವಾ" ಎಂದ. "ಕೇಶ್ವಾಪುರದ ಸಾವುಕಾರನ ಗಾಡಿ ಅವತ್ತ ಹೊಂಡಬೇಕಾಗಿತ್ತು. ನಿಮ್ಮ ಕ್ರೌನ್ ತಗದು ಅದಕ್ಕ ಹಾಕಿದೆ. ಅದರ ಮುರದ ಕ್ರೌನಿಗೆ ವೆಲ್ಡಿಂಗ್ ಹಚ್ಚಿ ನಿಮ್ಮ ಗಾಡಿಗೆ ಕೂಡ್ಸಿದೆ. ಎಂಟ ದಿನದಾಗ ಹೊಸಾದು ತರಿಸಿ ನಿಮಗ ಹಾಕಬೇಕಂತಿದ್ದೆ. ಅಷ್ಟ್ರಾಗ ಹಿಂಗಾತು. ಅಷ್ಟ ಮಂದಿ ಮುಂದ ಹೌದು ಅಂದಿದ್ರ ಗ್ಯಾರೇಜ್ ಉಳೀತಿದ್ದಿಲ್ಲ."

"ಈಗ ಉಳದೈತೇನು?" ಎಂದ ಉಡಚಪ್ಪ. ಐದು ವರ್ಷದಿಂದ ಕಾದ ಮಾತು ಕಿವಿಗೆ ಬಿದ್ದಿತ್ತು; ಅರಳಿದ ಮುಖದಲ್ಲಿ ಅವನು ನನ್ನ ಕಡೆ ತಿರುಗಿದ. "ಕೇಳಿದೇನ್ ಯಂಕಣ್ಣ? ಸಾಕು. ಪಾನಾ ಸಿಕ್ಕ ಕೂಡ್ಲೆ ಬಿಚ್ಚು ಮಿಸ್ತ್ರಿ, ನನ್ನ ಪಣಾ ಮುಗೀತು."

"ಅದು ನಿಮ್ಮ ಪಣಾ" ಎಂದಳು ಹುಲಿಗೆವ್ವ. "ನನ್ನ ಯಾರ ಕೇಳಿದ್ರಿ? ಊರೂರಿಗೆ ಕಥಿ ಹೇಳಿದ್ರಿ. ಮೊದಲ ಲಾರಿ, ಆಮ್ಯಾಲೆ ಉಪ್ಪು, ಕಡೀಕ ನನ್ನ ಬೆರಳು."

ನಾನು ಬೇರೆ ಕಡೆ ನೋಡಿದೆ. ಅವಳು ಬಗ್ಗಿ, ಎಡಗೈಯಿಂದ ಮಣ್ಣಿನಲ್ಲಿ ಬಿದ್ದ ಬನ್ನಿ ಆರಿಸಿ ಸೆರಗಿಗೆ ಕಟ್ಟಿಕೊಂಡಳು.

"ಬನ್ನಿ ತೊಗೊಂಡೇನಿ, ಅಣ್ಣಾ. ಹಗಿ ಮುಗೀತು. ಇಲ್ಲಿ ಬ್ಯಾಡ, ನೀವು ಪಾನಾ ಮುಟ್ಟಿ ಆಣಿ ಮಾಡಿದ್ರಲ್ಲ, ನಾಡಿದ್ದ ಅಲ್ಲೇ ಬಂದು, ಎಲ್ಲಾರ ಮುಂದ ಇದ ಮಾತು ಹೇಳಿ ಬಿಚ್ಚರಿ. ಬಿಚ್ಚಿ ನನ್ನ ಕೈಯಾಗ ಕೊಡ್ರಿ. ಒಗೀಬ್ಯಾಡ್ರಿ."

ಹಾಗೇ ಆಯಿತು. ಧಾರವಾಡದಲ್ಲಿ ಬನ್ನಿ ಮುಡಿದು ಬಂದ ಲಾರಿಯವನೊಬ್ಬ ಪಾನಾ ಕೊಟ್ಟ. ನಾವು ಮುಂದೆ ಹೋದೆವು. ಬೆಳಗಾವಿಯಿಂದ ತಿರುಗಿ ಬಂದ ದಿನ ಗಂಗಪ್ಪ ಬಯಲಿನಲ್ಲಿ ಎಲ್ಲರೆದುರಿಗೆ ಹೇಳಿದ, ತುಕ್ಕು ಹಿಡಿದ ಬೋಲ್ಟು ಬಿಚ್ಚಿದ. ಅಷ್ಟೂ ಹೊತ್ತು ಹುಲಿಗೆವ್ವ ಗೋಣಿಚೀಲ ಹಾಸಿಕೊಂಡು ಎದುರಿಗೆ ಕುಳಿತಿದ್ದಳು. ಕ್ರೌನನ್ನು ಎರಡೂ ತೋಳಲ್ಲಿ ಅಪ್ಪಿ ಒಯ್ದು, ಉಜ್ಜಿ ತೊಳೆದು, ಖೋಲಿಯ ಮೂಲೆಯಲ್ಲಿ, ಕೊಡ ಉರುಳದಂತೆ ಕೆಳಗಿಡುವ ಸಿಂಬಿಯ ಬದಲು ಇಟ್ಟಳು. ಅದರ ಮೇಲೆ ಕುಡಿಯುವ ನೀರಿನ ಕೊಡ ಕೂಡಿಸಿದಳು. ಸರಿಯಾಗಿ ಕೂತಿತು.

ಉಡಚಪ್ಪ ಆಮೇಲೆ ಆ ಕಥೆ ಹೇಳುವುದನ್ನು ಬಿಟ್ಟ. ಯಾರಾದರೂ ಒತ್ತಾಯ ಮಾಡಿದರೆ ಬೆರಳಿನಿಂದ ಶುರು ಮಾಡುತ್ತಿದ್ದ, ಮುಂದೆ ಹೋಗಲಾಗದೆ ನಿಲ್ಲಿಸುತ್ತಿದ್ದ.

ಬನ್ನಿ ಕೊಟ್ಟು ಹಗೆ ಮುಗಿದ ಮೇಲೆ ದಸರೆಗೆ ಮನೆಗೆ ಬಾರದಿರುವಂತಿಲ್ಲ. ಮರುವರ್ಷ ಗಂಗಪ್ಪ ಗುರುಸಿದ್ದಯ್ಯನವರ ಹಿಂದೆ ಅಂಜುತ್ತ ಬಂದ, ನಾನೂ ಅಲ್ಲಿದ್ದೆ. ಹುಲಿಗೆವ್ವ ಚಾಪೆ ಹಾಸಿ ಕೂಡಿಸಿದಳು. ದಪ್ಪ ಹರಕು ರೊಟ್ಟಿ ಬಡಿಸಿ, "ಇನ್ನೊಂದು ಹಾಕ್ಲೇನಣ್ಣಾ?" ಎಂದು ಕೇಳಿದಳು. ಗಂಗಪ್ಪನಿಗೆ ತುತ್ತು ಗಂಟಲಲ್ಲಿ ಸಿಕ್ಕಿತು. ಅವಳು ಎದ್ದು ಹೋಗಿ ಆ ಕೊಡದಿಂದ ತಂಬಿಗೆ ತುಂಬಿಕೊಂಡು, ಬೆರಳಿಲ್ಲದ ಅಂಗೈಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅವನ ಮುಂದೆ ಚಾಚಿದಳು.

"ನೀರು ಕುಡೀರಿ, ಅಣ್ಣಾ" ಎಂದಳು. "ವರ್ಷಾ ಬರ್ರಿ."

ಅವನು ಸಾಯುವವರೆಗೂ ಪ್ರತಿ ದಸರೆಗೆ ಬಂದು ಆ ನೀರು ಕುಡಿದ.